ಚಹಾ ನಡೆಯದ ಉಪವಾಸ

ಅಂಗಳದಲ್ಲಿ ಮೂರು ಕಲ್ಲಿಟ್ಟು ಕಾಸಿದ ಚಹಾವನ್ನು ಅವ್ವ ಕೊಡಹೋದಾಗ ಆ ಬಿಳಿಯ ಹುಡುಗ ರಾಡಿಯ ಕೈಗಳನ್ನೇ ಜೋಡಿಸಿ ಬೇಡವೆಂದ. ಕೃಷ್ಣೆಯ ನೆರೆ ಇಳಿದರೂ ಅಂಕಲಿಯ ನಮ್ಮ ಮನೆಯೊಳಗೆ ಮೊಣಕಾಲುದ್ದ ರಾಡಿ ನಿಂತಿತ್ತು. ಮಾರ್ಮನ್ ಎಂಬ ಕ್ರೈಸ್ತ ಪಂಥದ ಸೇವೆಗೆಂದು ಅಮೆರಿಕದಿಂದ ಬಂದಿದ್ದ ಆ ಇಪ್ಪತ್ತರ ಹುಡುಗ ಬೆಳಗಿನಿಂದ ಅದನ್ನು ಸಲಿಕೆಯಲ್ಲಿ ಎತ್ತಿ ಹೊರಹಾಕುತ್ತಿದ್ದ.

ಅವರಲ್ಲಿ ಚಹಾ ಕುಡಿಯುವುದೇ ಇಲ್ಲ, ಅಂದು ಉಪವಾಸ ಬೇರೆ ಎಂದು ಅವನ ಜೊತೆಗಿದ್ದ ಹೈದರಾಬಾದಿನ ಗೆಳೆಯ ಹಿಂದಿಯಲ್ಲಿ ಹೇಳಿದ.

"ಉಪವಾಸಕ್ಕ ಚಹಾ, ಸಾಬೂದಾಣಿ ಎಲ್ಲಾ ನಡೀತೈತಿ. ತಗೋ ಯಪ್ಪಾ," ಎಂದಳು ಅವ್ವ.

ಅವರ ಉಪವಾಸಕ್ಕೆ ನೀರೂ ನಡೆಯುವುದಿಲ್ಲವಂತೆ. ಅದೂ ತಮಗಾಗಿ ಅಲ್ಲ, ನೆರೆಯಲ್ಲಿ ಮುಳುಗಿದ ನಮ್ಮೂರಿಗಾಗಿ. ಎರಡು ವರ್ಷ ಮನೆಗೆ ಹೋಗುವಂತಿಲ್ಲ, ತಾಯಿಯೊಡನೆ ಮಾತು ವಾರಕ್ಕೊಮ್ಮೆ ಮಾತ್ರ ಎಂದೂ ಗೆಳೆಯ ಹೇಳಿದ. ಅವ್ವ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ಹುಡುಗ ನಕ್ಕು ಮತ್ತೆ ಸಲಿಕೆ ಎತ್ತಿಕೊಂಡ.

ಮುಂದಿನ ಸೋಮವಾರದ ಉಪವಾಸಕ್ಕೆ ಅವ್ವ ಚಹಾ ಕುಡಿಯಲಿಲ್ಲ, ನೀರೂ ಮುಟ್ಟಲಿಲ್ಲ. ಯಾಕೆಂದು ಕೇಳಿದೆ. "ಇಷ್ಟ ವರ್ಷ ನನ್ನ ಮಕ್ಕಳ ಸಲುವಾಗಿ ಮಾಡೀನಿ. ಇದು ಆ ಹುಡುಗನ ಹಡದವ್ವನ ಸಲುವಾಗಿ," ಎಂದಳು.