ನಕ್ಷೆಯಲ್ಲಿ ಗಿಡ್ಡ ಕಂಬ

ಗೆಳೆಯರೇ, ಇವತ್ತು ತಾಲೂಕು ಸಭೆಯಲ್ಲಿ ತೋರಿಸಿದ ಹೆರಿಗೆಗಳ ಕಂಬನಕ್ಷೆಯಲ್ಲಿ ನನ್ನ ಆಸ್ಪತ್ರೆಯ ಕಂಬವೇ ಎಲ್ಲಕ್ಕಿಂತ ಗಿಡ್ಡ. ನಮ್ಮಲ್ಲಿ ಹೆಸರು ಬರೆಸಿದ ಗರ್ಭಿಣಿಯರಲ್ಲಿ ನಮ್ಮಲ್ಲೇ ಹೆತ್ತವರು ತೀರ ಕಡಿಮೆಯಂತೆ.

“ಮೇಡಂ, ಮಂದಿಗೆ ನಿಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?” ಎಂದರು ತಾಲೂಕು ಆರೋಗ್ಯಾಧಿಕಾರಿ ಸಾಹೇಬರು.

“ಈ ವರ್ಷ ನಮ್ಮಲ್ಲಿ ಚೊಚ್ಚಲ ಬಸರಿನವರು ಭಾಳ ಅದಾರ್ರಿ ಸರ್. ಅವ್ರೆಲ್ಲಾ ಹೆರಿಗಿಗೆ ತವರಮನಿಗೆ ಹೋಗ್ತಾರ. ಚೊಚ್ಚಲದವರನ್ನ ಬ್ಯಾರೆ ಎಣಿಸಿ ನೋಡ್ರಿ.”

“ನೆಪ ಹೇಳಬ್ಯಾಡ್ರಿ. ಬಾಜೂ ಊರಿನ ಕಂಬ ಎತ್ತರ ಐತಿ, ಅಲ್ಲಿ ಸೊಸ್ತೇರಿಲ್ಲೇನು?”

ಇದ್ದಾರೆ. ಆದರೆ ಅಲ್ಲಿ ಹೆಚ್ಚಿನವರಿಗೆ ಇದು ಎರಡನೆಯ ಮಗು, ಹೆರಿಗೆ ಗಂಡನ ಊರಲ್ಲೇ. ಅದನ್ನು ಹೇಳುವಷ್ಟರಲ್ಲಿ ಸಾಹೇಬರು ಎದ್ದೇಬಿಟ್ಟರು.

“ಅಣ್ಣಿಗೇರ್ಯಾಗ, ಬೀಗರ ಮನ್ಯಾಗ, ನನ್ನ ಮಗಳ ಚೊಚ್ಚಲ ಬಸರಿನ ಕುಬಸ ಐತ್ರಿ. ಮುಗಿಸಿ, ಹೆರಿಗಿಗೆ ನಮ್ಮನಿಗೆ ಕರ್ಕೊಂಡು ಬರಬೇಕು.”

ಅಣ್ಣಿಗೇರಿಯಲ್ಲಿ ಆಕೆಯ ಹೆಸರು ಬರೆದುಕೊಂಡ ಡಾಕ್ಟರ್ ಯಾರೋ, ಪಾಪ. ಮುಂದಿನ ಸಭೆಗೆ ಅವರೂ ಒಂದು ನೆಪ ಹುಡುಕಿಟ್ಟುಕೊಳ್ಳಲಿ.