ಇಸ್ತ್ರಿಯವನ ಅಂಗೈ, ಸೋಮಾರಿಯ ಹೊಟ್ಟೆ

ಲಾಂಡ್ರಿಯ ಓಣಿಯಲ್ಲಿ ಎಲ್ಲರೂ ಅವನನ್ನು ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎನ್ನುವುದು ಗಿರಾಕಿಗಳ ಮಾತು. ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ನಿಂತವನು. ನಿಂತು ನಿಂತು ಮೀನಖಂಡದ ನರಗಳು ಉಬ್ಬಿ ಗಂಟುಗಟ್ಟಿದ್ದವು; ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಸಂಜೆ ಮನೆಗೆ ಬಂದರೆ ಬಗ್ಗಿ ಷೂ ಬಿಚ್ಚುವುದೂ ಅವನಿಗೆ ಇನ್ನೊಂದು ಪಾಳಿಯ ಕೆಲಸ. ಇಂಥವನ ಕೊರಳಿಗೆ ಆ ಚಳಿಗಾಲದಲ್ಲಿ ಒಂದು ಹಾವು ಬಿತ್ತು.

ನಿಜವಾಗಿ ಕೊರಳಿಗಲ್ಲ, ಜವಾಬ್ದಾರಿಗೆ. ಹಾವು ತಂಗಿಯದು. ಅಣ್ಣ-ತಂಗಿ ಇಬ್ಬರಿಗೂ ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ತಂಗಿ, "ಇವನ ಷರ್ಟಿನಷ್ಟು ನೆಟ್ಟಗಿರೋ ಗಂಡು ಸಿಗ್ಲಿಲ್ಲ" ಎನ್ನುತ್ತಿದ್ದಳು. ಅವಳು ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಶಾಲೆಯವರು ಪ್ರಯೋಗಾಲಯದ ಹಾವು ಇನ್ನು ಬೇಡವೆಂದಾಗ, ಅದನ್ನು ಗಾಜಿನ ಪೆಟ್ಟಿಗೆಯ ಸಮೇತ ಮನೆಗೆ ಹೊತ್ತು ತಂದಿದ್ದಳು. ಹೆಬ್ಬಾವಿನ ದೂರದ ನೆಂಟ, ವಿಷವಿಲ್ಲ, ನಾಲ್ಕಡಿ ಉದ್ದ. ದಿನದಲ್ಲಿ ಇಪ್ಪತ್ತು ತಾಸು ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತಾದ್ದರಿಂದ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದಳು. ಅದನ್ನು ಕಂಡಾಗಲೆಲ್ಲ ಗೆರೆಯಣ್ಣನಿಗೆ ಹೊಟ್ಟೆಕಿಚ್ಚು. ದಿನವಿಡೀ ಮಲಗಿರುವ ಯೋಗ ಯಾರಿಗುಂಟು!

ತಂಗಿ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಆಪರೇಷನ್ನಿಗೆ ಹೋಗುವ ಮುಂಚೆ ಹಾಸಿಗೆಯಲ್ಲಿ ಮಲಗಿಕೊಂಡೇ ಒಂದು ಚೀಟಿ ಬರೆದು ಕೊಟ್ಟಳು.

"ಇದನ್ನ ಪೆಟ್ಟಿಗೆ ಗಾಜಿಗೆ ಅಂಟಿಸು ಅಣ್ಣ. ಹಾವಿಗೆ ತನ್ನದೇ ಬಿಸಿ ಅಂತ ಇರಲ್ಲ, ನಾವು ಕೊಟ್ಟಷ್ಟೇ. ಕಡಿಮೆ ಆದ್ರೆ ತಿಂದಿದ್ದು ಅರಗಲ್ಲ, ಜಾಸ್ತಿ ಆದ್ರೆ ಸಾಯುತ್ತೆ."

ಚೀಟಿಯಲ್ಲಿ ನಾಲ್ಕೇ ಸಾಲು. ಬಿಸಿ ಮೂಲೆ ಮೂವತ್ತೆರಡು ಡಿಗ್ರಿ. ತಂಪು ಮೂಲೆ ಇಪ್ಪತ್ತಾರು. ಬೆಳಿಗ್ಗೆ ಸಂಜೆ ಮೀಟರ್ ನೋಡಿ ಬರೆದಿಡು. ಕೈ ಇಟ್ಟು ನೋಡಬೇಡ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಆ ಎರಡು ಗೆರೆಯೇ ಅವನಿಗೆ ಚುಚ್ಚಿದ್ದು. ಬಿಸಿಯ ವಿಷಯದಲ್ಲಿ ಅವನಿಗೇ ಪಾಠವೇ? ರೇಷ್ಮೆಗೆ ಎಷ್ಟು, ಹತ್ತಿಗೆ ಎಷ್ಟು, ಉಣ್ಣೆಗೆ ಎಷ್ಟು ಎಂದು ಅವನು ಯಾವ ಮೀಟರನ್ನೂ ಕೇಳಿದವನಲ್ಲ. ಬಟ್ಟಲ ನೀರಲ್ಲಿ ಬೆರಳದ್ದಿ ಇಸ್ತ್ರಿಪೆಟ್ಟಿಗೆಯ ಅಡಿಗೆ ಮುಟ್ಟಿಸಿದರೆ ಚುಂಯ್ ಎನ್ನುತ್ತಿತ್ತು. ಅಷ್ಟೇ, ಲೆಕ್ಕ ಮುಗಿಯಿತು. ಇಷ್ಟು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವನಲ್ಲ. ಲಾಂಡ್ರಿಯ ಯಜಮಾನನ ಮುಂದೆ ಗೊಣಗಿದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಹೇಳಿ? ಬಿಸಿ ನೋಡೋಕೆ ನಂಗೆ ಮೀಟರ್ ಬೇಕಾ?"

"ಇರಲಾರದೆ ಇರುವೆ ಬಿಟ್ಕೊಳ್ಳೋರನ್ನ ನೋಡಿದ್ದೆ. ನಿಮ್ಮನೇಲಿ ಹಾವೇ ಬಿಟ್ಕೊಂಡಿದೀರಲ್ಲ ಮಾರಾಯ್ರೆ," ಎಂದು ಯಜಮಾನ ನಕ್ಕ.

ಮೊದಲ ವಾರ ಚೀಟಿಯ ಮಾತು ಕೇಳಿದ. ಪೆಟ್ಟಿಗೆಯ ಒಂದು ಮೂಲೆಯ ಅಡಿಯಲ್ಲಿ ತೆಳ್ಳನೆಯ ಬಿಸಿ ಹಾಳೆ ಇತ್ತು. ಅದರ ವೈರು ಒಂದು ಥರ್ಮೋಸ್ಟಾಟಿಗೆ ಹೋಗುತ್ತಿತ್ತು, ಇಸ್ತ್ರಿಪೆಟ್ಟಿಗೆಯೊಳಗೆ ಇರುವಂಥದೇ, ತಿರುಗಿಸುವ ಗುಂಡಿಯದ್ದು. ಪಕ್ಕದಲ್ಲಿ ಮೀಟರು. ಬೆಳಿಗ್ಗೆ ಮೂವತ್ತೆರಡು, ಸಂಜೆ ಮೂವತ್ತೆರಡು. ಕೆಲಸ ಮುಗಿಸಿ, ಆಸ್ಪತ್ರೆಗೆ ಎರಡು ಬಸ್ಸು ಹಿಡಿದು, ಮೊದಲು ತಂಗಿಯ ಹಣೆಗೆ ಕೈ ಇಡುತ್ತಿದ್ದ. ಅವಳು ಮೂರು ವರ್ಷದ ಮಗುವಾಗಿದ್ದಾಗಿಂದ ಬಂದ ಅಭ್ಯಾಸ. "ಜ್ವರ ಇಲ್ಲ" ಎಂದು ತೀರ್ಪು ಕೊಟ್ಟು ಸ್ಟೂಲಿನ ಮೇಲೆ ಕುಸಿಯುತ್ತಿದ್ದ. ಅವಳು ಕೇಳುತ್ತಿದ್ದಳು, "ಎಷ್ಟಿತ್ತು?"

"ಮೂವತ್ತೆರಡು."

ಎರಡನೇ ವಾರ ಚಳಿ ಬಲಿಯಿತು. ಒಂದು ಸಂಜೆ ನೀರಿನ ಬಟ್ಟಲು ಬದಲಿಸಲು ಪೆಟ್ಟಿಗೆಯೊಳಗೆ ಕೈ ಹಾಕಿದವನಿಗೆ, ಬಿಸಿ ಮೂಲೆ ಬಿಸಿಯೇ ಇಲ್ಲ ಅನ್ನಿಸಿತು. ಅಂಗೈ ಅಗಲಿಸಿ ಒತ್ತಿ ನೋಡಿದ. ಊಹೂಂ. ಸೋಮಾರಿ ಅಲ್ಲೇ ಮುದುಡಿ ಬಿದ್ದಿತ್ತು. ಪಾಪ, ಚಳಿಗೆ ಮರಗಟ್ಟಿದೆ ಎಂದುಕೊಂಡ. ಮೀಟರು ಮಾತ್ರ ಮೂವತ್ತೆರಡು ಎನ್ನುತ್ತಿತ್ತು. ಒಂದು ಕಡೆ ಹೋದ ವರ್ಷ ಕೊಂಡ ಮೀಟರು, ಇನ್ನೊಂದು ಕಡೆ ಮೂವತ್ತೊಂದು ವರ್ಷದ ಕೈ. ಯಾವುದನ್ನು ನಂಬಬೇಕೆಂದು ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಗುಂಡಿಯನ್ನು ಒಂದು ಚೂರು ತಿರುಗಿಸಿದ.

ಮರುದಿನವೂ ಕೈಗೆ ಬಿಸಿ ತಟ್ಟಲಿಲ್ಲ, ಇನ್ನೊಂದು ಚೂರು. ಮೀಟರು ಮೂವತ್ತೆಂಟು ತೋರಿಸಿತು, ಆಮೇಲೆ ನಲವತ್ತಮೂರು. "ಕೆಟ್ಟು ಕೂತಿದೆ ಮುಂಡೇದು" ಎಂದು ಬೈದು ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟ. ಕಾಗದದಲ್ಲಿ ಮೂವತ್ತೆರಡು ಎಂದೇ ಬರೆದ. ಆಸ್ಪತ್ರೆಯಲ್ಲಿ ತಂಗಿ ಕೇಳಿದಾಗಲೂ ಮೂವತ್ತೆರಡು ಎಂದೇ ಹೇಳಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ನೋವು ತಿನ್ನುವವಳ ತಲೆಗೆ ಕೆಟ್ಟ ಮೀಟರಿನ ಚಿಂತೆಯೂ ಯಾಕೆ ಎಂದುಕೊಂಡ. ನಿಜ ಹೇಳಬೇಕೆಂದರೆ ವಿವರಿಸುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ನಾಲ್ಕನೇ ದಿನ ರಜೆ. ಬೆಳಿಗ್ಗೆ ಹಾಸು ಬದಲಿಸಲು ಸೋಮಾರಿಯನ್ನು ಎತ್ತಿದಾಗ ಹೊಟ್ಟೆ ಕಂಡಿತು. ಬೆಳ್ಳಗಿರಬೇಕಾದ ಹೊಟ್ಟೆಯ ಪೊರೆ ಅಂಗೈಯಗಲ ಕಂದಿತ್ತು. ಅಂಚಿನಲ್ಲಿ ಕೆಂಪಾಗಿ ನೀರೊಸರುತ್ತಿತ್ತು. ಆ ಕಂದು ಬಣ್ಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ಸುಟ್ಟ ಬಟ್ಟೆಗಳಲ್ಲಿ ನೂರು ಸಲ ನೋಡಿದ್ದ.

ದಿಂಬಿನ ಚೀಲದಲ್ಲಿ ಹಾವನ್ನು ಹಾಕಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದ. ಬೆಕ್ಕು ಹಿಡಿದು ಕೂತಿದ್ದವರು ಚೀಲ ಅಲುಗಾಡಿದ್ದು ನೋಡಿ ತಾವಾಗಿಯೇ ಸರದಿ ಬಿಟ್ಟುಕೊಟ್ಟರು.

"ಸುಟ್ಟಿದೆ," ಎಂದರು ಡಾಕ್ಟರಮ್ಮ. "ಎಷ್ಟು ಬಿಸಿ ಇಟ್ಟಿದ್ರಿ?"

"ಬಿಸಿನೇ ಇರ್ಲಿಲ್ಲ ಡಾಕ್ಟ್ರೇ. ಕೈ ಇಟ್ಟು ನೋಡಿದೀನಿ. ಬಿಸಿ ಇದ್ದಿದ್ರೆ ಅದೇ ಎದ್ದು ಹೋಗ್ತಿರ್ಲಿಲ್ವಾ?"

"ಹೋಗಲ್ಲ. ಸುತ್ತ ಗಾಳಿ ತಣ್ಣಗಿದ್ರೆ ಬಿಸಿ ಜಾಗಕ್ಕೆ ಅಂಟ್ಕೊಂಡೇ ಇರುತ್ತೆ. ಹೊಟ್ಟೆ ಸುಡ್ತಿದೆ ಅಂತ ಅದಕ್ಕೆ ಬೇಗ ತಿಳಿಯಲ್ಲ." ಅವರು ಗಾಯ ನೋಡುತ್ತಲೇ ಸಿಂಕಿನ ಕಡೆ ಗಲ್ಲ ತೋರಿಸಿದರು. "ಆ ಬೋಗುಣೀಲಿ ನೀರಿದೆ. ಗಾಯ ತೊಳೀಬೇಕು, ಉಗುರು ಬೆಚ್ಚಗಿದ್ಯಾ ನೋಡಿ."

ಗೆರೆಯಣ್ಣ ಕೈ ಅದ್ದಿದ. "ಉಗುರು ಬೆಚ್ಚಗೂ ಇಲ್ಲ, ತಣ್ಣಗಿದೆ," ಎಂದ. ಡಾಕ್ಟರಮ್ಮ ಬಂದು ಬೆರಳ ತುದಿ ಮುಟ್ಟಿಸಿ ಸರಕ್ಕನೆ ಎಳೆದುಕೊಂಡರು.

"ಅಯ್ಯೋ, ತೆಗೀರಿ ಕೈ! ಸುಡ್ತಿದೆ!"

ಅವನು ಕೈ ತೆಗೆದು ನೋಡಿಕೊಂಡ. ಕೆಂಪಗಾಗಿತ್ತು. ಯಾರದೋ ಕೈಯನ್ನು ನೋಡಿದ ಹಾಗಿತ್ತು. ಅಲ್ಲೇ, ಆ ಸಿಂಕಿನ ಮುಂದೆ, ಅವನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಇಸ್ತ್ರಿಪೆಟ್ಟಿಗೆಯ ಬಿಸಿ ಹೇಳುತ್ತಿದ್ದುದು ಅವನ ಬೆರಳಲ್ಲ. ಅವನು ಕೇಳುತ್ತಿದ್ದದ್ದು ಚುಂಯ್ ಎನ್ನುವ ಸದ್ದನ್ನು. ಬೆರಳು ಯಾವಾಗಲೋ ಕೆಲಸ ಬಿಟ್ಟಿತ್ತು. ಕಿವಿ ಅದರ ಪಾಳಿಯನ್ನೂ ಮಾಡುತ್ತಿತ್ತು. ಹಾವಿನ ಪೆಟ್ಟಿಗೆ ಚುಂಯ್ ಎನ್ನಲಿಲ್ಲ, ಅಷ್ಟೇ.

ಡಾಕ್ಟರಮ್ಮ ಮುಲಾಮು ಕೊಟ್ಟರು. "ಕೀವು ಆಗದಿದ್ರೆ ಬದುಕುತ್ತೆ. ಎರಡು ಸಲ ಪೊರೆ ಬಿಡಬೇಕು, ಆಮೇಲೇ ಗ್ಯಾರಂಟಿ. ಮೀಟರ್ ಬಿಟ್ಟು ಬೇರೆ ಏನನ್ನೂ ನಂಬಬೇಡಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಕೈಯನ್ನೂ ಒಬ್ಬ ಡಾಕ್ಟರಿಗೆ ತೋರಿಸಿ. ನನ್ನಂಥವರಿಗಲ್ಲ, ಮನುಷ್ಯರ ಡಾಕ್ಟರಿಗೆ," ಎಂದರು.

ಮನೆಗೆ ಬಂದು ಮೀಟರಿನ ಮುಖ ಈಚೆಗೆ ತಿರುಗಿಸಿದ. ಗುಂಡಿ ಇಳಿಸಿ, ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿ, ಅಂಕಿ ಇಳಿಯುವವರೆಗೆ ಅಲ್ಲೇ ಕೂತ. ಹಗಲು ಹೊತ್ತು ಇಷ್ಟು ಕೂತದ್ದು ಅವನಿಗೆ ನೆನಪೇ ಇಲ್ಲ. ಆದರೂ ಆಯಾಸ ಕಳೆಯಲಿಲ್ಲ. ತಂಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದನ್ನೂ ಸುಟ್ಟೆ ಎನ್ನುವುದು ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಸಂಜೆ ಆಸ್ಪತ್ರೆಯಲ್ಲಿ ಹಣೆ ಮುಟ್ಟಲಿಲ್ಲ. ಹಾಸಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದ. ತಿರುಗಿಸಿದ ಗುಂಡಿ, ಗೋಡೆ ನೋಡುತ್ತಿದ್ದ ಮೀಟರು, ಕಾಗದದ ಸುಳ್ಳು, ಬೋಗುಣಿಯ ನೀರು, ಒಂದನ್ನೂ ಬಿಡಲಿಲ್ಲ. "ಬೈಯಿ," ಎಂದ ಕೊನೆಗೆ.

ತಂಗಿಯ ಕಣ್ಣು ತುಂಬಿತ್ತು. ಸೋಮಾರಿಗಾಗಿ ಅತ್ತಳು, ಅದನ್ನು ಮುಚ್ಚಿಡಲಿಲ್ಲ. ಮೂಗು ಒರೆಸಿಕೊಂಡು ಹೇಳಿದಳು. "ಬೈಬೇಕಾಗಿರೋದು ನನಗೆ. ನಂಗೆ ಗೊತ್ತಿತ್ತು ಅಣ್ಣ. ನಾಲ್ಕು ವರ್ಷ ಆಯ್ತು, ಕುದಿಯೋ ಪಾತ್ರೆನ ಬಟ್ಟೆ ಇಲ್ದೆ ಇಳಿಸ್ತೀಯ. ಕಾಫಿ ಲೋಟ ನಾನು ಹಿಡಿಯೋಕೆ ಆಗಲ್ಲ, ನೀನು ಮುಷ್ಟೀಲಿ ಹಿಡ್ಕೊಂಡು ಪೇಪರ್ ಓದ್ತೀಯ."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಿಂಗೆ ಇರೋದು ಆ ಕೈಯೊಂದೇ ಹೆಮ್ಮೆ. ಬಾಯಿ ಬರ್ಲಿಲ್ಲ. ಅದಕ್ಕೇ ಚೀಟೀಲಿ ಬರ್ದೆ, ಕೆಳಗೆ ಎರಡು ಗೆರೆ ಹಾಕ್ದೆ."

ಪಕ್ಕದ ಹಾಸಿಗೆಯವರು ಕೆಮ್ಮಿದರು. ಆಮೇಲೆ ಅವಳೇ ಕೇಳಿದಳು, "ಈಗ ಎಷ್ಟಿದೆ?"

ಗೆರೆಯಣ್ಣ ಕನ್ನಡಕ ಹಾಕಿಕೊಂಡು ಜೇಬಿನಿಂದ ಅಂಕಿ ಬರೆದಿಟ್ಟ ಕಾಗದ ತೆಗೆದು ಓದಿದ. "ಹೊರಡೋವಾಗ ಮೂವತ್ತೊಂದೂವರೆ ಇತ್ತು. ಆ ಕಡೆ ಇಪ್ಪತ್ತೈದು."

"ಸಾಕು. ಅದು ಬದುಕುತ್ತೆ," ಎಂದಳು. ಬದುಕುತ್ತದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅವನ ಕೈಯನ್ನು ತಾನೇ ಎಳೆದು ಹಣೆಯ ಮೇಲೆ ಇಟ್ಟುಕೊಂಡಳು.

"ಬೇಡ ಬಿಡು. ಜ್ವರ ಇದ್ಯೋ ಇಲ್ವೋ ನಂಗೆ ಗೊತ್ತಾಗಲ್ಲ," ಎಂದ. ಇಷ್ಟು ವರ್ಷದಲ್ಲಿ ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು.

"ಅದನ್ನ ನರ್ಸ್ ನೋಡ್ತಾರೆ. ನೀನು ಕೈ ಇಡು."

ಸ್ಟೂಲು ಪಕ್ಕದಲ್ಲೇ ಇತ್ತು. ಕಾಲುಗಳು ಹರಿದು ಹೋಗುವಷ್ಟು ನೋಯುತ್ತಿದ್ದವು. ಗೆರೆಯಣ್ಣ ಕೂರಲಿಲ್ಲ; ಕೂತರೆ ಕೈ ಅವಳ ಹಣೆಗೆ ಎಟುಕುತ್ತಿರಲಿಲ್ಲ.