ಸೇತುವೆಯಾಚೆಯ ಸಂಬಳ

ಮಲೇಷ್ಯಾದ ಜೊಹೋರ್ ಬಾರುವಿನ ನಮ್ಮ ಫ್ಲ್ಯಾಟುಗಳಲ್ಲಿ ಪರಂಜೋತಿಯಷ್ಟು ಸರಿಯಾಗಿ ಎರಡೂ ಊರುಗಳ ಬೆಲೆ ಬಲ್ಲವರು ಇನ್ನೊಬ್ಬರಿರಲಿಲ್ಲ. ಸೇತುವೆಯ ಆಚೆ ಸಿಂಗಪುರ, ಈಚೆ ನಾವು. ಅಲ್ಲಿನ ಒಂದು ಡಾಲರಿಗೆ ಇಲ್ಲಿ ಮೂರು ರಿಂಗಿಟ್. ಅಲ್ಲಿ ಒಂದು ಕೋಣೆಗೆ ಕೊಡುವ ಬಾಡಿಗೆಯಲ್ಲಿ ಇಲ್ಲಿ ಮೂರು ಮನೆ ಹಿಡಿಯಬಹುದು. ಅಲ್ಲಿ ಒಂದು ಲೋಟ ಟೀ ಕುಡಿಯುವ ದುಡ್ಡಿಗೆ ಇಲ್ಲಿ ಟೀ ಜೊತೆ ಪರೋಟದಂಥ ಬಿಸಿ ರೊಟ್ಟಿ ಚನಾಯ್ ಕೂಡ ಬರುತ್ತದೆ. ದುಡಿಯುವುದು ಅಲ್ಲಿ, ಉಣ್ಣುವುದು ಇಲ್ಲಿ, ಇದಕ್ಕಿಂತ ಬುದ್ಧಿವಂತಿಕೆ ಇನ್ನೇನಿದೆ ಎಂದು ಅವನು ಹೊಸದಾಗಿ ಮದುವೆಯಾದ ಹುಡುಗರಿಗೆ ಪಾಠ ಹೇಳುತ್ತಿದ್ದ.

ನಾನು ಅವನ ಎದುರು ಮನೆಯವನು. ಇಬ್ಬರೂ ಆಚೆಯ ಒಂದೇ ಬ್ರೆಡ್ ಕಾರ್ಖಾನೆಯಲ್ಲಿದ್ದೆವು. ಅವನು ಯಂತ್ರ ರಿಪೇರಿಗೆ, ನಾನು ಪ್ಯಾಕಿಂಗಿಗೆ. ನಸುಕಿಗೆ ಮೊದಲೇ ಬೈಕ್ ಹತ್ತಿದರೆ ಸಾವಿರಾರು ಬೈಕುಗಳ ಸಾಲಿನಲ್ಲಿ ಹೊಗೆ ಕುಡಿಯುತ್ತ ಸೇತುವೆ ದಾಟಬೇಕು. ವಾಪಸಾಗುವಾಗಲೂ ಅದೇ ಪಾಡು. ಅವನ ಹೆಂಡತಿ ತಿಲಗಾ, ಇಲ್ಲೇ ಒಂದು ಕೆಲಸ ನೋಡಿಕೊಳ್ಳಿ, ಮಗಳು ಯಾಳಿನಿ ನಿಮ್ಮನ್ನು ಭಾನುವಾರ ಬಿಟ್ಟು ನೋಡಿದ್ದೇ ಇಲ್ಲ ಎಂದು ಎಷ್ಟೋ ಸಲ ಹೇಳಿದ್ದಳು. ಅವನು ಪ್ರತಿ ಸಲವೂ ಲೆಕ್ಕ ಬಿಡಿಸಿ ತೋರಿಸುತ್ತಿದ್ದ.

ಮನೆಯಲ್ಲಿ ಅವನ ಅಪ್ಪ ಅಂಗಮುತ್ತು ಕೂಡ ಇದ್ದರು. ರಬ್ಬರ್ ತೋಟದಲ್ಲಿ ಮೂವತ್ತೆಂಟು ವರ್ಷ ಮರ ಗೀರಿ ಹಾಲು ಇಳಿಸಿದವರು. ಸಂಜೆಯಾದರೆ ಕೆಳಗಿನ ಟೀ ಅಂಗಡಿಯಲ್ಲಿ ಕೂತು ಮಗನ ದಾರಿ ಕಾಯುವರು. ಅವನು ಬಂದರೆ ಇಬ್ಬರೂ ಒಂದೇ ಲೋಟದ ಟೀಯನ್ನು ಹಂಚಿಕೊಳ್ಳುವರು. ಮಾತು ಹೆಚ್ಚಿಲ್ಲ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ, ರೋಗದ ಭಯಕ್ಕೆ ಮಧ್ಯರಾತ್ರಿಯಿಂದ ಗಡಿ ಮುಚ್ಚುತ್ತಾರೆಂದು ಸುದ್ದಿ ಬಂತು. ಎರಡು ವಾರ ಮಾತ್ರ ಎಂದರು. ದಾಟಿ ಬಂದವರಿಗೆ ಮಲಗಲು ಜಾಗ, ಪೂರ್ತಿ ಸಂಬಳ ಎಂದು ಕಾರ್ಖಾನೆಯವರು ಹೇಳಿ ಕಳಿಸಿದರು. ನನ್ನ ಹೆಂಡತಿಗೆ ಆಗ ಸಕ್ಕರೆ ಕಾಯಿಲೆ ಜಾಸ್ತಿಯಾಗಿತ್ತು, ನಾನು ಉಳಿದೆ. ಪರಂಜೋತಿ ಚೀಲ ಕಟ್ಟಿದ. ಬಾಗಿಲಲ್ಲಿ ತಿಲಗಾ ಹೇಳಿದ್ದು ನನಗೆ ಕೇಳಿಸಿತು.

"ಎರಡು ವಾರ ಸಂಬಳ ಇಲ್ದಿದ್ರೆ ಗಂಜಿ ಕುಡಿಯೋಣ ರೀ. ಈ ಬಿಲ್ಡಿಂಗಲ್ಲಿ ಎಲ್ರೂ ಅದನ್ನೇ ಮಾಡ್ತಾರೆ."

"ಅಲ್ಲಿ ಒಂದು ವಾರ ದುಡಿದ್ರೆ ಇಲ್ಲಿ ಮೂರು ವಾರದ ದುಡ್ಡು ಕಣೇ. ನೀನೇ ಲೆಕ್ಕ ಹಾಕು."

"ಲೆಕ್ಕ ಸರಿಯಾಗೇ ಇದೆ. ನಾನೇನು ತಪ್ಪು ಅಂದ್ನಾ?"

ಅವನು ಹೋದ. ಎರಡು ವಾರ ನಾಲ್ಕಾಯಿತು, ಆರಾಯಿತು. ಏಪ್ರಿಲ್ ಕೊನೆಯಲ್ಲಿ ಅಂಗಮುತ್ತು ಸ್ನಾನಕ್ಕೆ ಹೋದವರು ಕುಸಿದುಬಿದ್ದರು. ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ತೊದಲಿತು. ನಾಲ್ಕು ದಿನಕ್ಕೆ ಆಸ್ಪತ್ರೆಯವರು ಮನೆಗೆ ಕಳಿಸಿದರು. ಬಂದುಬಿಡಿ ಎಂದು ತಿಲಗಾ ಫೋನ್ ಮಾಡಿದಳು. ಆದರೆ ಈಚೆ ಬಂದವರನ್ನು ಹದಿನಾಲ್ಕು ದಿನ ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದರು. ಮತ್ತೆ ಆಚೆ ಹೋಗುವ ಖಾತ್ರಿಯೂ ಇರಲಿಲ್ಲ. ಅವನು ಎಣಿಸಿದ. ಇನ್ನೊಂದು ತಿಂಗಳಲ್ಲಿ ಗಡಿ ತೆರೆದೇ ತೆರೆಯುತ್ತದೆ, ಅಪ್ಪ ಗಟ್ಟಿ ಜೀವ, ಈಗ ಬೇಕಾಗಿರುವುದು ದುಡ್ಡು ಎಂದ. ಕಳಿಸಿದ ಕೂಡ. ಮಲಗುವ ಮಂಚ, ಔಷಧಿ, ಯಾವುದಕ್ಕೂ ಕೊರತೆಯಾಗಲಿಲ್ಲ.

ಬಿದ್ದ ಇಪ್ಪತ್ತೊಂದನೆಯ ದಿನ ಅಂಗಮುತ್ತು ತೀರಿಕೊಂಡರು.

ಸ್ಮಶಾನಕ್ಕೆ ಬೆರಳೆಣಿಕೆಯ ಮಂದಿಗೆ ಮಾತ್ರ ಪರವಾನಗಿ. ಮಗ ಮಾಡಬೇಕಾದ್ದನ್ನು ನಾನು ಮಾಡಿದೆ. ಮಡಕೆ ಹೊತ್ತು ಸುತ್ತು ಬಂದೆ, ಕೊಳ್ಳಿ ಇಟ್ಟೆ. ತಿಲಗಾ ಫೋನ್ ಹಿಡಿದು ನಿಂತಿದ್ದಳು. ಪರದೆಯಲ್ಲಿ ಪರಂಜೋತಿ ಕಾರ್ಖಾನೆಯ ಟೋಪಿ ತೆಗೆಯುವುದನ್ನೂ ಮರೆತು ನೋಡುತ್ತಿದ್ದ. ಅಳಲಿಲ್ಲ. ಸಿಗ್ನಲ್ ಸಿಗದೆ ಎರಡು ಸಲ ಅವನ ಮುಖ ನಿಂತೇ ಹೋಯಿತು.

ಮರುದಿನವೇ ಕೆಲಸ ಬಿಟ್ಟು ದಾಟಿ ಬಂದ. ನಮ್ಮ ಬಿಲ್ಡಿಂಗಿನಿಂದ ಇಪ್ಪತ್ತು ನಿಮಿಷದ ದಾರಿಯ ಹೋಟೆಲಿನಲ್ಲಿ ಹದಿನಾಲ್ಕು ದಿನ ಕಳೆದು, ಹದಿನಾರನೆಯ ದಿನದ ಕರ್ಮಕ್ಕೆ ಸರಿಯಾಗಿ ಮನೆ ಮುಟ್ಟಿದ. ಆ ಹೋಟೆಲಿನ ಕೋಣೆಯಲ್ಲೇ ಅವನು ತನ್ನ ಕೊನೆಯ ಲೆಕ್ಕ ಮಾಡಿದ್ದು. ಅಪ್ಪ ಬಿದ್ದ ದಿನವೇ ಹೊರಟಿದ್ದರೆ, ಇಪ್ಪತ್ತೊಂದರಲ್ಲಿ ಹದಿನಾಲ್ಕು ಕಳೆದು ಏಳು ದಿನ ಉಳಿಯುತ್ತಿತ್ತು. ಇದನ್ನು ಅವನೇ ನನಗೆ ಹೇಳಿದ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ.

ಗಡಿ ಪೂರ್ತಿ ತೆರೆಯಲು ಎರಡು ವರ್ಷ ಹಿಡಿಯಿತು. ಆ ಹೊತ್ತಿಗೆ ಅವನು ಇಲ್ಲೇ ಒಂದು ಐಸ್ ಕಾರ್ಖಾನೆ ಸೇರಿದ್ದ, ಮೂರರಲ್ಲಿ ಒಂದು ಪಾಲು ಸಂಬಳಕ್ಕೆ. ರಿಂಗಿಟ್ ಇನ್ನೂ ಇಳಿಯಿತು, ಅಕ್ಕಿ, ಎಣ್ಣೆ ಏರಿತು. ಕೊನೆಗೆ ತಿಲಗಾಳೇ ಆಚೆಯ ರವಿಕೆ ಹೊಲಿಯುವ ಅಂಗಡಿಗೆ ಸೇರಿ ಬಸ್ಸಿನಲ್ಲಿ ಸೇತುವೆ ದಾಟತೊಡಗಿದಳು. ಅವನು ಬೇಡವೆನ್ನಲಿಲ್ಲ, ಹೋಗೆಂದೂ ಹೇಳಲಿಲ್ಲ. ಎದ್ದು ಅವಳಿಗೆ ಡಬ್ಬಿ ಕಟ್ಟಿಕೊಡುತ್ತಾನೆ, ಯಾಳಿನಿಗೆ ಜಡೆ ಹಾಕುತ್ತಾನೆ. ಸೊಟ್ಟ ಜಡೆ ಎಂದು ಅವಳು ಸ್ಕೂಲಿನಲ್ಲಿ ಬಿಚ್ಚಿ ಹಾಕಿಕೊಳ್ಳುತ್ತಾಳಂತೆ.

ಹೋದ ದೀಪಾವಳಿಯ ಬೆಳಿಗ್ಗೆ ಅವರ ಮನೆಯಲ್ಲಿ ತಿಂಡಿಗೆ ಕೂತಿದ್ದೆವು. ಅವನು ತಟ್ಟೆ ನೋಡುತ್ತಲೇ ಕೇಳಿದ.

"ಅಣ್ಣಾ, ಕೊನೆ ವಾರ ಅಪ್ಪನಿಗೆ ಎಚ್ಚರ ಇತ್ತಾ?"

"ಇರ್ಲಿಲ್ಲಪ್ಪ," ಎಂದೆ. "ಯಾರನ್ನೂ ಗುರುತು ಹಿಡೀತಿರ್ಲಿಲ್ಲ."

ಅವನು ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದ.

"ಇತ್ತು ಅಂತ ತಿಲಗಾ ಹೇಳಿದ್ಳು," ಎಂದ. ಎದ್ದು ಒಳಗೆ ಹೋಗಿ ನನಗೆ ಇನ್ನೆರಡು ಇಡ್ಲಿ ತಂದು ಹಾಕಿದ.